ಹೂವು ಆರಿಸಿದ ವಿಷಯ

ರಾಣೇಬೆನ್ನೂರಿನ ನನ್ನ ತವರುಮನೆಯಲ್ಲಿ ಹೂವು ಕೇಳದೆ ಯಾವ ದೊಡ್ಡ ಕೆಲಸವೂ ಆಗುವುದಿಲ್ಲ. ಅಪ್ಪ ಮಡಿಯುಟ್ಟು, ದೇವರ ಜಗಲಿಯ ಮೇಲಿನ ವೀರಭದ್ರನ ಮೂರ್ತಿಗೆ ಒದ್ದೆ ಎಸಳು ಅಂಟಿಸಿ, ಕೈಮುಗಿದು ಕೂಡುತ್ತಾನೆ. ಎಸಳು ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಎಮ್ಮೆ ಕೊಳ್ಳಲು, ಬೋರ್ ಹೊಡೆಸಲು, ನನ್ನ ಮದುವೆಗೆ, ಎಲ್ಲಕ್ಕೂ ಕೇಳಿದ್ದಾಗಿದೆ. ನನ್ನ ಗಂಡನೂ ಬಲಕ್ಕೆ ಬಿದ್ದವನೇ. ಅದಕ್ಕೆ ನನ್ನ ತಕರಾರಿಲ್ಲ ಅನ್ನಿ.

ನನ್ನಣ್ಣನ ಮಕ್ಕಳ ಓದಿಗೂ ಹೂವು ಕೇಳತೊಡಗಿದಾಗ ಮಾತ್ರ ನನ್ನ ತಲೆ ಕೆಟ್ಟಿತು. ನಾನು ನೀಲಾ, ಗುತ್ತಲದಲ್ಲಿ ಹೈಸ್ಕೂಲ್ ಟೀಚರು. ಅಪ್ಪ ಶಂಕ್ರಪ್ಪನದು ಬೀಜದಂಗಡಿ. ಕೆಟ್ಟವನಲ್ಲ ನಮ್ಮಪ್ಪ, ದೇವರಾಣೆ! ಸಂಜೆ ಅಂಗಡಿ ಮುಚ್ಚಿ ಬರುವಾಗ ಮೊಮ್ಮಕ್ಕಳಿಗೆ ಗಿರಮಿಟ್ಟು, ಮಿರ್ಚಿ ಕಟ್ಟಿಸಿಕೊಂಡು ಬಾರದ ದಿನವಿಲ್ಲ. ಆ ಮಕ್ಕಳಿಗೆ ಜೀವ ಬೇಕಾದರೂ ಕೊಟ್ಟಾನು. ಕೊಟ್ಟದ್ದು ಮಾತ್ರ ಹೂವಿನ ತೀರ್ಪು.

ನನ್ನಣ್ಣನ ಮಗ ಸಿದ್ದಲಿಂಗೇಶ ಹತ್ತನೆಯ ತರಗತಿಯಲ್ಲಿದ್ದಾಗ ಊಟಕ್ಕೆ ಕುಳಿತು ಇತಿಹಾಸ ಹೇಳಲು ಶುರು ಮಾಡಿದರೆ, ತಾಟಿನ ರೊಟ್ಟಿ ಆರಿ ಸೆಟೆದು ಹೋಗುತ್ತಿತ್ತು. ಪಿಯುಸಿಗೆ ಸಾಯನ್ಸೇ ಎಂದು ಕೇಳಿದಾಗ ಹೂವು ಬಲಕ್ಕೆ ಬಿತ್ತು, ಅವನ ಪಾಲಿಗೆ ಸಾಯನ್ಸ್ ಬಂತು. ಭೌತಶಾಸ್ತ್ರದಲ್ಲಿ ಎರಡು ಸಲ ನಪಾಸಾದ. ಈಗ ಬೀಗರು-ನೆಂಟರು ಬಂದರೆ ಹುಡುಗ ಮಾಳಿಗೆ ಹತ್ತಿಬಿಡುತ್ತಾನೆ, ಕರೆದರೂ ಊಟಕ್ಕೆ ಇಳಿಯುವುದಿಲ್ಲ. "ದೇವ್ರು ಖರೇನ ಹೇಳಿದ್ದ. ಇವಗ ಭಕ್ತಿ ಸಾಲಲಿಲ್ಲ" ಅನ್ನುತ್ತಾನೆ ಅಪ್ಪ. ಆರಿಸಿದ್ದು ಹೂವು, ಬೈಸಿಕೊಂಡದ್ದು ಕೂಸು. ನನ್ನ ಹೊಟ್ಟೆ ಉರಿಯದೆ ಏನಾದೀತು?

ಈ ವರ್ಷ ಅವನ ತಂಗಿ ಮಧು ಹತ್ತನೆಯದು ಪಾಸಾದಳು. ಅವಳಿಗೆ ಸಾಯನ್ಸೇ ಬೇಕು. ಹೂವು ಎಡಕ್ಕೆ ಬಿದ್ದರೆ ಆರ್ಟ್ಸ್, ಅಷ್ಟೇ. ಅಪ್ಪ ಹೂವು ಕೇಳುತ್ತಾನೆಂಬ ಸುದ್ದಿ ತಿಳಿದು ಮೊದಲ ಬಸ್ಸಿಗೇ ಬಂದೆ.

"ಅಪ್ಪಾ, ಹತ್ತನೇ ಕ್ಲಾಸಿನ ತನಕ ಎಲ್ಲಾ ಹುಡುಗರಿಗೂ ಎಲ್ಲಾ ವಿಷಯ ಯಾಕ ಕಲಸ್ತೇವಿ ಹೇಳು? ಯಾರಿಗೆ ಯಾವುದು ಹಿಡಸ್ತೈತಿ ಅಂತ ಅವರಿಗೇ ಗೊತ್ತಾಗಲಿ ಅಂತ. ಅಷ್ಟು ವರ್ಷ ಓದಿ ತಿಳಕೊಂಡದ್ದನ್ನ ಒಂದ ಎಸಳಿನ ಮ್ಯಾಲೆ ಬಿಟ್ರ ಹೆಂಗ?"

"ದೇವ್ರಕಿಂತ ಶಾಣ್ಯಾಕಿ ಆದೇನ ನೀ?" ಅಡುಗೆಮನೆಯಿಂದ ಅವ್ವ ಪ್ರೇಮವ್ವ ಗದರಿದಳು.

"ಮನಿ ಪದ್ಧತಿ ಐತಿ ಇದು" ಎಂದ ಅಪ್ಪ. "ನಮ್ಮಪ್ಪ ಕೇಳ್ತಿದ್ದ, ನಾನೂ ಕೇಳ್ತೇನಿ."

"ಅಂಗಡಿಗೆ ರೈತರು ಬಂದು ಯಾವ ಬೀಜ ಒಯ್ಯಲಿ ಅಂದ್ರ ಏನ್ ಮಾಡ್ತಿ?"

"ಏನ್ ಮಾಡ್ತೇನಿ? ಹೊಲ ಕಪ್ಪು ಎರಿನೋ ಕೆಂಪು ಮಸಾರಿನೋ, ನೀರೈತೋ ಇಲ್ಲೋ ಕೇಳ್ತೇನಿ."

"ಹೂ ಕೇಳಂಗಿಲ್ಲ?"

"ಏ ಹುಚ್ಚಿ! ಬೆಳಿ ಕೆಟ್ರ ರೈತ ನನ್ನ ಸುಮ್ನ ಬಿಡ್ತಾನೇನ?" ಎಂದು ನಕ್ಕ. ಆದರೂ ಹೂವು ಕೇಳಲೆಂದು ಎದ್ದು ಸ್ನಾನಕ್ಕೆ ಹೋದ. ಹಟ ಅಂದರೆ ಅಂಥಾ ಹಟ!

ಜಗಲಿಯ ಮುಂದೆ ಎಲ್ಲರೂ ಕುಳಿತೆವು. ಸಿದ್ದಲಿಂಗೇಶ ಬಾಗಿಲಲ್ಲೇ ನಿಂತ. ಅಪ್ಪ ಎಸಳು ಅಂಟಿಸಿ, "ತಂದೀ, ಸಾಯನ್ಸ್ ಆದ್ರ ಬಲಕ್ಕ ಕೊಡಪಾ" ಎಂದು ಕಣ್ಣು ಮುಚ್ಚಿದ. ಮಧು ನನ್ನ ಪಕ್ಕದಲ್ಲೇ ಎಸಳಿನ ಮೇಲೆ ಕಣ್ಣಿಟ್ಟು ಕುಳಿತಿದ್ದಳು. ಸ್ವಲ್ಪ ಹೊತ್ತಿಗೆ ಎಸಳು ಸಡಿಲಾಗಿ ಬಲಕ್ಕೇ ವಾಲಿತು.

"ಬಂತು, ಬಂತು!" ಅವ್ವ ಪಿಸುಗುಟ್ಟಿದಳು.

ಮಧು ಎದ್ದವಳೇ ಕೈ ಚಾಚಿ, ಬೀಳುವ ಮೊದಲೇ ಎಸಳನ್ನು ತೆಗೆದು ಕಣ್ಣಿಗೊತ್ತಿಕೊಂಡಳು.

ಅಪ್ಪ ಕಣ್ಣು ಬಿಟ್ಟು ದಂಗಾದ. "ಏನ್ ಮಾಡಿದೆವ್ವಾ ಇದು! ನಿನಗ ಬೇಕಾದ್ದ ಬರಾಕತ್ತಿತ್ತಲ್ಲ!"

"ಬಂದ್ರೂ ನಂಗ ಬ್ಯಾಡಜ್ಜಾ" ಎಂದಳು. "ಓದಾಕಿ ನಾನು, ಸಾಯನ್ಸ್ ನಾನ ಆರಿಸ್ಕೋತೇನಿ. ನಪಾಸಾದ್ರ ನಂದ ತಪ್ಪು. ದೇವ್ರಿಗೆ ಕೈ ಮುಗೀತೇನಿ, ಆದ್ರ ಹೂ ಕೇಳಾಕ ಬಿಡಂಗಿಲ್ಲ."

ಅಪ್ಪ ಸಿಟ್ಟಿನಿಂದ ಬಾಗಿಲ ಕಡೆ ತಿರುಗಿದ. "ನೋಡೋ ಸಿದ್ದೂ, ನಿನ್ ತಂಗಿ ಆಟ! ನೀ ಒಂದ್ ಮಾತರ ಎದುರಾಡಿದ್ದೇನ ಅವತ್ತು?"

"ಇಲ್ಲಜ್ಜಾ" ಎಂದ ಸಿದ್ದಲಿಂಗೇಶ. "ನನಗ ಇತಿಹಾಸ ಬೇಕಾಗಿತ್ತು."

"ಹೇಳಬೇಕಿತ್ತಿಲ್ಲೋ ಮಗನ!"

"ನೀ ಕೇಳಿದ್ದು ದೇವ್ರನ್ನ. ನನ್ನ ಕೇಳಲಿಲ್ಲಲ್ಲ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ತನ್ನ ಚಾಪೆಯ ಮೇಲೆ ಅರ್ಧ ಸರಿದು ಜಾಗ ಮಾಡಿದ.

"ಬಾ ಇಲ್ಲಿ ಸಿದ್ದೂ, ಕುಂದ್ರು. ಈಗ ನಿನ್ನ ಕೇಳಾಕತ್ತೇನಿ. ಹೇಳು."