ಮಣ್ಣಿಗೆ ಸೇರಬೇಕಾದ ನೀರು

ಆ ಬೆಳಿಗ್ಗೆ ಮೋಡ ಮನೆಯ ಮಾಡಿಗೆ ತಾಗುವಷ್ಟು ಕೆಳಗಿಳಿದಿತ್ತು. ಸುರಿಯಲೂ ಒಲ್ಲದು, ಸರಿಯಲೂ ಒಲ್ಲದು. ಗಾಳಿಯಂತೂ ಎಲ್ಲಿಗೋ ನೆಂಟರ ಮನೆಗೆ ಹೋದಂತಿತ್ತು. ಹಗ್ಗದ ಮೇಲೆ ನೇತಾಡುತ್ತಿದ್ದ ಬಿಳಿ ಬಟ್ಟೆಗಳು ಮುಟ್ಟಿದರೆ ಇನ್ನೂ ಹಸಿಹಸಿ. ಬಿಷಪ್ಪರು ಬರುವ ಭಾನುವಾರವೇ ಹೀಗಾಗಬೇಕೇ ಎಂದು ಗೊಣಗುತ್ತ ಸೂಜಿಯಕ್ಕ ಅವನ್ನು ಒಳಗೆ ತಂದು, ಇಸ್ತ್ರಿಪೆಟ್ಟಿಗೆ ಕಾಯಿಸಿ, ಉಲ್ಟಾ ಮಗ್ಗುಲಿನಿಂದ ಒತ್ತಿ ಒಣಗಿಸತೊಡಗಿದಳು.

ಸೂಜಿಯಕ್ಕ ಎಂಬುದು ಊರು ಇಟ್ಟ ಹೆಸರು. ಬೀದಿಯ ತಿರುವಿನಲ್ಲಿ ಅವಳದೊಂದು ಹೊಲಿಗೆ ಅಂಗಡಿಯಿತ್ತು. ಅವಳ ಕೈಯಲ್ಲೊಂದು ಸೂಜಿ, ನಾಲಗೆಯಲ್ಲೊಂದು ಸೂಜಿ. ಕೈಯದು ಹೊಲಿಯುತ್ತದೆ, ನಾಲಗೆಯದು ಬರೀ ಚುಚ್ಚುತ್ತದೆ ಎಂದು ಚರ್ಚಿನ ಗಂಟೆ ಹೊಡೆಯುವ ಅಜ್ಜ ಅವಳೆದುರೇ ಹೇಳುತ್ತಿದ್ದ. ಮೊದಲೆಲ್ಲ ಅವಳೂ ನಗುತ್ತಿದ್ದಳು. ಈಚೆಗೆ ಆ ಮಾತು ಕೇಳಿದರೆ ಸೆರಗು ಸರಿಪಡಿಸಿಕೊಂಡು ಬೇರೆ ಕಡೆ ನೋಡುತ್ತಿದ್ದಳು.

ಇಸ್ತ್ರಿಯ ಕೆಳಗಿದ್ದವು, ಯೇಸುವಿನ ದೇಹ, ರಕ್ತವೆಂದು ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಬಟ್ಟೆಗಳು: ಮೇಜಿಗೆ ಹಾಸುವುದೊಂದು, ಮಿಕ್ಕವು ಪಾನಪಾತ್ರೆಯ ಅಂಚು ಒರೆಸುವ ಪುಟ್ಟ ವಸ್ತ್ರಗಳು. ಅವನ್ನು ಒಗೆಯಲು ಒಂದು ಕಟ್ಟಳೆಯಿತ್ತು. ದ್ರಾಕ್ಷಾರಸದ ಹನಿ, ರೊಟ್ಟಿಯ ಚೂರು ತಾಗಿದ ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ಜಾಲಾಡಬೇಕು. ಆ ನೀರು ಮೋರಿಗೆ ಹೋಗಕೂಡದು. ಹೊರಗೊಯ್ದು ಗಿಡದ ಬುಡಕ್ಕೆ, ಮಣ್ಣಿಗೇ ಸುರಿಯಬೇಕು. ಸಾಬೂನು ಏನಿದ್ದರೂ ಆಮೇಲೆ. ಅತ್ತೆ ಇದನ್ನು ಹಿರಿಸೊಸೆಗೆ ಕೈಹಿಡಿದು ಕಲಿಸಿದ್ದರು. ಆ ಹಿರಿಸೊಸೆ ಸೂಜಿಯಕ್ಕನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಸೂಜಿಯಕ್ಕ ಅವಳನ್ನು ಕರೆಯುತ್ತಿದ್ದುದು ಅಕ್ಕ ಎಂದೇ. ಅಕ್ಕ ಅದನ್ನು ಕೆಲಸವೆಂದು ಮಾಡಿದವಳಲ್ಲ. ಬೇರೆಯವರು ಮಂಡಿಯೂರಿ ಹೇಳುವ ಪ್ರಾರ್ಥನೆಯನ್ನು ಅವಳು ಬೋಗುಣಿಯ ಮುಂದೆ ಕೂತು ಹೇಳುತ್ತಿದ್ದಳು, ಅಷ್ಟೇ.

ಕಿರಿಯವಳಾದ ಸೂಜಿಯಕ್ಕನ ಮನಸ್ಸಿನಲ್ಲಿ ಮಾತ್ರ ಒಂದು ಮುಳ್ಳಿತ್ತು. ಹೊಲಿಯುವವಳು ತಾನು, ನಡುವೆ ಶಿಲುಬೆಯ ಕಸೂತಿ ಹಾಕುವವಳು ತಾನು, ಹೊಗಳಿಕೆಯೆಲ್ಲ ಒಗೆಯುವವಳಿಗೆ.

ಅಕ್ಕನ ಕಣ್ಣು ಮಂಜಾಗತೊಡಗಿದ್ದ ದಿನಗಳಲ್ಲಿ ಅದು ನಡೆದದ್ದು. ಚರ್ಚಿನ ಹಿಂಬದಿಯ ಕೋಣೆಯಲ್ಲಿ, ನಲ್ಲಿಯ ಕೆಳಗಿನ ಚಪ್ಪಡಿಯ ಮೇಲೆ, ಒಂದು ಬಕೆಟ್ ಸದಾ ಒಂದೇ ಜಾಗದಲ್ಲಿ ಇರುತ್ತಿತ್ತು. ಅಕ್ಕ ಬೋಗುಣಿಯಲ್ಲಿ ಜಾಲಾಡಿ, ಮೊದಲ ನೀರನ್ನು ಕೈಯ ರೂಢಿಯಿಂದಲೇ ಅದಕ್ಕೆ ಸುರಿದು, ಆಮೇಲೆ ಹೊರಗೊಯ್ಯುತ್ತಿದ್ದಳು. ಒಂದು ಭಾನುವಾರ ಸೂಜಿಯಕ್ಕ ನೆಲ ಒರೆಸುತ್ತ ಆ ಬಕೆಟ್ಟನ್ನು ಗೋಡೆಯ ಕಡೆ ಸರಿಸಿದಳು. ಕೆಟ್ಟ ಯೋಚನೆಯೇನೂ ಇರಲಿಲ್ಲ. ಮತ್ತೆ ಜಾಗಕ್ಕಿಡಲು ಮರೆತಳು. ಅಕ್ಕ ಬಂದಳು, ಜಾಲಾಡಿದಳು, ಸುರಿದಳು. ನೀರು ಚಪ್ಪಡಿಯ ಮೇಲೆ ಹರಿದು ಮೋರಿ ಸೇರಿತು.

ಅಷ್ಟಕ್ಕೇ ನಿಂತಿದ್ದರೆ ಮರೆವು ಎನ್ನಬಹುದಿತ್ತು. ಆದರೆ ಬಾಗಿಲಲ್ಲಿ ನಿಂತು ಅದನ್ನು ಕಂಡ ಸೂಜಿಯಕ್ಕ, ಸ್ತ್ರೀಸಮಾಜದ ಕೂಟದಲ್ಲಿ ಎಲ್ಲರ ಮುಂದೆ, ಅಕ್ಕನಿಗೆ ಈಗ ಬಕೆಟ್ ಯಾವುದು ಮೋರಿ ಯಾವುದು ಎಂಬುದೂ ಕಾಣಿಸುವುದಿಲ್ಲ, ಪಾಪ, ಎಂದಳು. ಬಕೆಟ್ ಸರಿಸಿದ್ದು ಯಾರೆಂದು ಹೇಳಲಿಲ್ಲ. ಬೈದಿದ್ದರೆ ಅಕ್ಕ ತಿರುಗಿ ಬೈಯುತ್ತಿದ್ದಳೇನೋ. ಆ ‘ಪಾಪ’ ಎಂಬ ಮಾತಿಗೆ ಯಾರು ಏನು ಉತ್ತರ ಕೊಟ್ಟಾರು? ಅಂದು ಸಂಜೆಯೇ ಅಕ್ಕ ಬಟ್ಟೆಬುಟ್ಟಿಯನ್ನು ಕಿರಿಯವಳ ಅಂಗಡಿಯ ಮೆಟ್ಟಿಲ ಮೇಲಿಟ್ಟು ಹೋದಳು. ಆಮೇಲೆ ಚರ್ಚಿಗೂ ಬರಲಿಲ್ಲ. ಚರ್ಚಿನ ಪಾದ್ರಿ ಅಯ್ಯನವರು ಭೋಜನವನ್ನು ಮನೆಗೇ ಒಯ್ದರೂ ಬೇಡವೆಂದಳಂತೆ. ಅವಳ ಕಡೆಯ ನಾಲ್ಕಾರು ಮನೆಯವರೂ ಒಬ್ಬೊಬ್ಬರಾಗಿ ಹಿಂದೆ ಸರಿದರು.

ಚರ್ಚಿನ ಸಭೆ ಹೀಗೆ ಕರಗುತ್ತಿದೆ, ಬಂದು ಒಂದಿಷ್ಟು ಧೈರ್ಯ ಹೇಳಿ ಹೋಗಿ ಎಂದು ಅಯ್ಯನವರು ಕೇಳಿಕೊಂಡದ್ದಕ್ಕೇ ಬಿಷಪ್ಪರು ಈಗ ಬಂದಿದ್ದರು.

ಅವರು ಎತ್ತರದ ಮುದುಕರು. ಮಂಡಿನೋವಿನಿಂದ ಮೆಟ್ಟಿಲು ಹತ್ತುವಾಗ ಪದವಿಯ ಗುರುತಾದ, ಕುರುಬನ ಕೋಲಿನ ಆಕಾರದ ದಂಡವನ್ನು ಊರುಗೋಲಿನಂತೆ ಊರುತ್ತಿದ್ದರು. ಗಂಟೆಯಜ್ಜ ಅದನ್ನು ನೋಡಿ, ಕುರಿ ಕಾಯೋಕೆ ಕೊಟ್ಟ ಕೋಲು ಕುರುಬನನ್ನೇ ಕಾಯ್ತಾ ಇದೆ ಎಂದ. ಕಿವಿ ಮಂದವಾದವನಿಗೆ ತನ್ನ ದನಿ ಎಷ್ಟು ದೊಡ್ಡದೆಂದು ತಿಳಿಯದು. ಬಿಷಪ್ಪರು ತಿರುಗಿ, ಇನ್ನೇನು ಮಾಡೋದಜ್ಜ, ಕುರಿಗಳೆಲ್ಲ ನನಗಿಂತ ಜೋರಾಗಿ ಓಡ್ತವೆ ಎಂದು ನಕ್ಕರು.

ಬೋಧನೆಯೂ ಅದೇ ದನಿಯಲ್ಲಿತ್ತು. ಖಾಲಿ ಬೆಂಚುಗಳನ್ನು ನೋಡಿ ಎದೆಗುಂದಬೇಡಿ ಎಂದರು. ಒಂದು ಊರಿನ ದನಗಾಹಿಯ ಕತೆ ಹೇಳಿದರು: ಅವನು ದಿನಾ ಸಂಜೆ ದೊಡ್ಡಿಗೆ ಬಂದ ದನಗಳ ಮೈದಡವಿ, ಎಷ್ಟು ಚೆನ್ನಾಗಿ ಮೇಯಿಸಿದೆ ಎಂದು ಬೀಗುತ್ತಿದ್ದ, ಬಾರದ ಹಸುವಿನ ಗೂಟ ಮಾತ್ರ ಕತ್ತಲಲ್ಲಿ ಸುಮ್ಮನೆ ನಿಂತಿರುತ್ತಿತ್ತು. ಹೊಸಬರನ್ನು ಹೇಗೆ ಕರೆತರುವುದೆಂದು ಕೇಳುತ್ತೀರಿ, ಅದು ದೇವರ ಚಿತ್ತ. ಮೊದಲು ಖಾಲಿ ಗೂಟದ ಹತ್ತಿರ ಹೋಗಿ ನಿಲ್ಲಿ ಎಂದರು. ಕೊನೆಗೆ, ಹೊರಡುವ ಮುಂಚೆ ಒಂದು ಮಾತು ಎಂದು ಮೇಜಿನತ್ತ ತಿರುಗಿ, ಇಂಥ ಮೋಡದಲ್ಲೂ ಈ ಬಟ್ಟೆಗಳನ್ನು ಹಾಲಿನಂತೆ ಇಟ್ಟ ಕೈಗಳು ಯಾರವೋ, ಅವು ಆಶೀರ್ವಾದ ಹೊಂದಲಿ ಎಂದು ಹರಸಿದರು.

ಎಷ್ಟು ವರ್ಷ ಕಾದ ಮಾತು! ಹೆಂಗಸರೆಲ್ಲ ತಿರುಗಿ ಸೂಜಿಯಕ್ಕನನ್ನು ನೋಡಿ ನಕ್ಕರು. ಅವಳು ತನ್ನ ಕೈಗಳನ್ನು ಮಡಿಲಲ್ಲಿ ಅಡಗಿಸಿಕೊಂಡಳು.

ಆರಾಧನೆ ಮುಗಿದ ಮೇಲೆ ಬಿಷಪ್ಪರು ಊಟಕ್ಕೆ ಕೂರಲಿಲ್ಲ. ಬಾರದವರಲ್ಲಿ ಮೊದಲು ಯಾರ ಮನೆ ಎಂದು ಕೇಳಿದರು. ಅಯ್ಯನವರು ಅಕ್ಕನ ಮನೆ ಎಂದರು. ಭೋಜನದ ಪೆಟ್ಟಿಗೆ ಹಿಡಿದು, ಬಟ್ಟೆ ಹಾಸಲು ಸೂಜಿಯಕ್ಕನೇ ಜೊತೆಗೆ ಬರಬೇಕಾಯಿತು. ನೆಪ ಹುಡುಕಿದಳು, ಒಂದೂ ಸಿಗಲಿಲ್ಲ.

ಅಕ್ಕ ತನ್ನ ಮಗಳ ಮನೆಯ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂತಿದ್ದಳು. ಕಣ್ಣು ಈಗ ಪೂರ್ತಿ ಹೋಗಿತ್ತು. ಮಗಳು ಕುರ್ಚಿ ತಂದಿಡುತ್ತ, ಅಮ್ಮ ಈಗ ಒಂದು ಲೋಟ ನೀರನ್ನೂ ತಾನಾಗಿ ಬಗ್ಗಿಸಿಕೊಳ್ಳುವುದಿಲ್ಲ, ಕಣ್ಣು ಒಂದಿಷ್ಟು ಕಾಣುತ್ತಿದ್ದಾಗಲೇ ಒಲೆಯ ಹತ್ತಿರ ಹೋಗುವುದನ್ನೂ ಬಿಟ್ಟಳು ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಸೂಜಿಯಕ್ಕ ಪುಟ್ಟ ಮೇಜಿಗೆ ಬಟ್ಟೆ ಹಾಸಿದಳು.

ಬಿಷಪ್ಪರು ಅಕ್ಕನ ಪಕ್ಕದಲ್ಲೇ ಕೂತು, ಯಾಕಮ್ಮ ಬೇಡ ಅಂತೀರಂತೆ ಎಂದು ಕೇಳಿದರು.

“ಸ್ವಾಮಿ, ಈ ಕೈ ನೋಡಿ,” ಅಕ್ಕ ಎರಡೂ ಅಂಗೈಯನ್ನು ಬಿಚ್ಚಿದಳು. “ಕರ್ತನದನ್ನ ಮೋರಿಗೆ ಚೆಲ್ಲಿದ ಕೈ ಇದು. ಇದನ್ನೇ ಮತ್ತೆ ಚಾಚು ಅಂದ್ರೆ ಹ್ಯಾಗೆ ಚಾಚಲಿ?”

ಅದು ಬರೀ ಕೈತಪ್ಪು, ಕರ್ತನು ಅದಕ್ಕಾಗಿ ಮುಖ ತಿರುಗಿಸುವವನಲ್ಲ, ಮೋರಿಯ ನೀರೂ ಕೊನೆಗೆ ಅವನ ಮಣ್ಣನ್ನೇ ಸೇರುತ್ತದೆ ಎಂದು ಅವರು ನಿಧಾನವಾಗಿ ಹೇಳಿದರು. ಅಕ್ಕ ಗೌರವದಿಂದ ಕೇಳಿಕೊಂಡಳು.

“ನೀವು ಹೇಳಿದ್ದು ಕಿವಿಗೆ ಗೊತ್ತಾಗುತ್ತೆ ಸ್ವಾಮಿ. ಕೈಗೆ ಗೊತ್ತಾಗಲ್ಲ.” ಅಂಗೈಗಳು ಮತ್ತೆ ಮುಚ್ಚಿಕೊಂಡವು.

ಅಯ್ಯನವರು ಪೆಟ್ಟಿಗೆಯ ಮುಚ್ಚಳಕ್ಕೆ ಕೈಯಿಟ್ಟರು, ಮುಚ್ಚಿ ಹೊರಡುವವರಂತೆ. ಈಗ ಹೇಳದಿದ್ದರೆ ಇನ್ನು ಯಾವಾಗಲೂ ಹೇಳಲಾಗದೆಂದು ಸೂಜಿಯಕ್ಕನಿಗೆ ಗೊತ್ತಾಯಿತು. ನಾಲಗೆ ಅಂಟಿಕೊಂಡಿತ್ತು. ಊರನ್ನೆಲ್ಲ ಚುಚ್ಚಿದ ನಾಲಗೆ.

“ಅಕ್ಕ, ಬಕೆಟ್ ಅದರ ಜಾಗದಲ್ಲಿ ಇರ್ಲಿಲ್ಲ. ನೆಲ ಒರೆಸುವಾಗ ನಾನೇ ಸರಿಸಿದ್ದೆ. ನೀನು ಸುರಿಯೋ ಜಾಗಕ್ಕೇ ಸುರಿದೆ. ನನಗೆ ಅವತ್ತೇ ಗೊತ್ತಿತ್ತು.”

ಹೊರಗೆ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ಅದರ ಸದ್ದು ಬೀದಿಯ ಕೊನೆಯವರೆಗೂ ಕೇಳಿತು.

“ಹಾಗಾದ್ರೆ ಕೈ ತಪ್ಪಿರ್ಲಿಲ್ಲ,” ಎಂದಳು ಅಕ್ಕ, ತನಗೇ ಹೇಳಿಕೊಳ್ಳುವವಳಂತೆ. ಆಮೇಲೆ ಸೂಜಿಯಕ್ಕನ ದನಿ ಬಂದ ಕಡೆ ತಿರುಗಿ, “ಕಣ್ಣು ಹೋಗೋದು ಹೇಗೂ ಹೋಗ್ತಿತ್ತು ಕಣೇ. ಕೈ ಉಳಿದಿತ್ತಲ್ಲ. ಅದನ್ನೂ ನಾನೇ ಕಟ್ಟಿಹಾಕಿಕೊಂಡು ಕೂತೆನಲ್ಲ.”

ಸೂಜಿಯಕ್ಕ ನೆಲಕ್ಕೆ ಕುಸಿದು ಅವಳ ಮಂಡಿ ಹಿಡಿದಳು. ಕ್ಷಮಿಸು ಎಂಬ ಮಾತು ಬಾಯಿಗೆ ಬರುವ ಮೊದಲೇ ಅಕ್ಕ ತಡೆದಳು.

“ಈಗ್ಲೇ ಏನೂ ಹೇಳಿಸ್ಬೇಡ ನನ್ನ ಹತ್ರ. ಸುಳ್ಳಾಗುತ್ತೆ. ಎದ್ದೇಳು, ಸ್ವಾಮಿಯವರು ಊಟ ಬಿಟ್ಟು ಕೂತಿದ್ದಾರೆ.”

ಬಿಷಪ್ಪರು ಯಾರಿಗೂ ಬುದ್ಧಿ ಹೇಳಲಿಲ್ಲ. ಎದ್ದು ನಿಂತು, ಸಮಾಧಾನ ನಿಮ್ಮೊಂದಿಗಿರಲಿ ಎಂದರು. ಅಕ್ಕ ಅಂಗೈಗಳನ್ನು ಒಂದರ ಮೇಲೊಂದಿಟ್ಟು ಚಾಚಿದಳು. ಅವು ಹಿಂದಕ್ಕೆ ಹೋಗಲಿಲ್ಲ. ರೊಟ್ಟಿ ಕೊಟ್ಟರು, ಪಾತ್ರೆಯನ್ನು ತುಟಿಗೆ ತಾಗಿಸಿದರು. ಸೂಜಿಯಕ್ಕನೂ ತೆಗೆದುಕೊಂಡಳು, ತಲೆ ತಗ್ಗಿಸಿಯೇ.

ಅವರು ಹೊರಟರು. ಹೊಸ್ತಿಲಲ್ಲಿ ಬಿಷಪ್ಪರು ಸೂಜಿಯಕ್ಕನ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟು, ದಂಡ ಊರಿಕೊಂಡು ಮುಂದಿನ ಮನೆಯ ದಾರಿ ಹಿಡಿದರು. ಅವಳು ಅವರ ಹಿಂದೆ ಹೋಗಲಿಲ್ಲ. ಹೋದ ದಿನಗಳನ್ನು, ಆ ದಿನಗಳಲ್ಲಿ ಇನ್ನೂ ಉಳಿದಿದ್ದ ಬೆಳಕನ್ನು, ಯಾರು ತಂದುಕೊಟ್ಟಾರು? ಕೊಡಲು ಆಗುವುದು ಒಂದೇ ಇತ್ತು.

ಅಡಿಗೆಮನೆಯಿಂದ ಬೋಗುಣಿಯಲ್ಲಿ ನೀರು ತಂದು ಅಕ್ಕನ ಮುಂದಿಟ್ಟಳು. ಗಿಡಗಳ ಕಡೆಗಿದ್ದ ಹಿತ್ತಲ ಬಾಗಿಲು ತೆರೆದಳು. ಪಾತ್ರೆ ಒರೆಸಿದ ವಸ್ತ್ರವನ್ನು, ಕೆಂಪು ಕಲೆ ಒಳಗಾಗುವಂತೆ ಮಡಿಸಿ, ಅಕ್ಕನ ಅಂಗೈಯಲ್ಲಿಟ್ಟಳು.