ಕಾಗಾಲದ ಬೇಣದಲ್ಲಿ ಬಿಳಿ ಕೊಡೆಗಳು

ಕಲ್ಪನಾ ಕಾಗಾಲದ ಗುಡ್ಡ ಹತ್ತಿ ಬಂದಾಗ ಹುಲ್ಲು ಬೆಳೆಯುವ ಬೇಣ ಬೋಳಾಗಿತ್ತು. ಆಗಸ್ಟಿನಲ್ಲಿ ಇಲ್ಲಿ ಮೊಣಕಾಲುದ್ದ ಹುಲ್ಲಿತ್ತು, ಹುಲ್ಲಿನ ಮೇಲೆ ಬಿಳಿ ಹೂಗಳ ಪುಟ್ಟ ಪುಟ್ಟ ಕೊಡೆಗಳು ಮಂಜಿನಲ್ಲಿ ತೇಲುತ್ತಿದ್ದವು. ಈಗ ಕೆಂಪು ಕಲ್ಲು, ಕತ್ತಿಗೆ ಸಿಗದೆ ಉಳಿದ ಹುಲ್ಲಿನ ಬುಡ, ಅಷ್ಟೇ.

ಅವಳಿಗೆ ಬೇಕಿದ್ದದ್ದು ಆ ಗಿಡದ ಕಾಯಿ. ಕೊತ್ತಂಬರಿ, ಜೀರಿಗೆ, ಗಜ್ಜರಿಗಳ ಕುಟುಂಬದಲ್ಲಿ ಹೂವೆಲ್ಲ ಹೆಚ್ಚುಕಡಿಮೆ ಒಂದೇ ತರಹ. ಯಾವುದು ಯಾವುದೆಂದು ಹೇಳುವುದು ಕಾಯಿ. ಧಾರವಾಡದ ಹಾಸ್ಟೆಲಿನಲ್ಲಿ ಹಾಸಿಗೆಯಡಿ ಪೇಪರಿನ ನಡುವೆ ಒತ್ತಿ ಒಣಗಿಸಿದ್ದ ಹೂವನ್ನು ನೋಡಿ ಅವಳ ಗೈಡ್ ಕೃಷ್ಣಾನಂದ ಸರ್, "ಇಲ್ಲಿಯದೇ ಗಿಡ, ಒಂದೇ ವರ್ಷ ಬದುಕೋದು, ಅಷ್ಟು ಸರಿ. ಆದರೆ ಎರಡು ಹೆಸರಲ್ಲಿ ಯಾವುದು? ಕಾಯಿ ಮೇಲೆ ರೋಮ ಇದೆಯೋ, ನುಣುಪೋ? ಗೊತ್ತಿಲ್ಲದಿದ್ದರೆ ಪ್ರಬಂಧದಿಂದ ತೆಗೆದುಹಾಕು" ಎಂದಿದ್ದರು. ಒಪ್ಪಿಸಲು ಒಂದು ವಾರ ಉಳಿದಿತ್ತು. ಅವಳ ಪಟ್ಟಿಯ ಉಳಿದ ನೂರಾ ಹನ್ನೆರಡು ಗಿಡಗಳನ್ನು ಬೇರೆಯವರು ಮೊದಲೇ ಈ ಗುಡ್ಡದಲ್ಲಿ ಗುರುತಿಸಿದ್ದರು. ತನ್ನದು ಎಂದು ಹೇಳಿಕೊಳ್ಳಲು ಇದೊಂದೇ.

ಕೊಯ್ದ ಹುಲ್ಲು ಬೇಣದ ಅಂಚಿನಲ್ಲಿ ರಾಶಿ ಒಟ್ಟಿದ ಗೊಣಬೆಯಾಗಿ ನಿಂತಿತ್ತು. ಕಾಯಿ ಅದರೊಳಗೇ ಇರಬೇಕು ಎಂದುಕೊಂಡು ಹಿಡಿ ಹಿಡಿ ಎಳೆದು ಕೊಡವಿ, ದುಪಟ್ಟಾದ ಮೇಲೆ ಬಿದ್ದದ್ದನ್ನು ಭೂತಗನ್ನಡಿಯಲ್ಲಿ ನೋಡತೊಡಗಿದಳು. ಹುಲ್ಲಿನ ಬೀಜ. ಇರುವೆ. ಮತ್ತೆ ಹುಲ್ಲಿನ ಬೀಜ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಸೋತು ಗೊಣಬೆಗೆ ಒರಗಿದಳು. ಕೆಳಗೆ ಅಘನಾಶಿನಿ ಹರಿಯುವುದನ್ನೇ ಮರೆತು ಬಿಸಿಲಿನಲ್ಲಿ ಬಿದ್ದುಕೊಂಡಿತ್ತು. ಬೆಚ್ಚಗಿನ ಹುಲ್ಲಿನ ವಾಸನೆ ನಿಧಾನವಾಗಿ ತಲೆಗೇರಿತು. ಹೊಳೆಯ ಮೇಲಿಂದ ಬಿಳಿ ಕೊಡೆಗಳು ಸಾಲಾಗಿ, ಸದ್ದಿಲ್ಲದೆ ಬರತೊಡಗಿದವು. ಪ್ರತಿ ಕೊಡೆಯ ಕೆಳಗೆ ಒಬ್ಬೊಬ್ಬಳು ಹೆಂಗಸು. ಯಾರ ಕಾಲೂ ನೀರಿಗೆ ತಾಗುತ್ತಿರಲಿಲ್ಲ. ಗಾಳಿ ಜೀರಿಗೆಯಂತೆ ಘಮಘಮಿಸುತ್ತಿತ್ತು. ಹೆಸರು ಕೇಳೋಣವೆಂದು ಕಲ್ಪನಾ ಬಾಯಿ ತೆರೆದಳು.

"ಯಾರದು, ನಮ್ಮ ಗೊಣಬೆ ಕೆದರೂದು?"

ಕಣ್ಣು ಬಿಟ್ಟರೆ ಎದುರಿಗೆ ಬಂಗಾರಿ. ಈ ಬೇಣದಲ್ಲಿ ಹುಲ್ಲು ಕೊಯ್ಯುವ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳು. ಆಗಸ್ಟಿನಲ್ಲಿ ಕಲ್ಪನಾಳಿಗೆ ಕುಡಿಯಲು ನೀರು ಕೊಟ್ಟಿದ್ದವಳು.

"ಓ, ಹುಲ್ಲು ಓದೂ ಹುಡುಗಿ! ನಮ್ಮನೆ ಎಮ್ಮೆ ಆಗಿದ್ರೆ ಇಷ್ಟೊತ್ತಿಗೆ ತಿಂದ್ಕಂಡಾದ್ರೂ ಹೋಗ್ತಿತ್ತು."

"ಅಜ್ಜೀ, ಜೀರಿಗೆ ವಾಸನೆ ಬಿಳಿ ಹೂ ಇತ್ತಲ್ಲ, ಅದರ ಕಾಯಿ ಹುಡುಕ್ತಿದ್ದೆ."

"ಅದು ಗೊಣಬೆಲಿ ಎಂತಕ್ಕೆ ಇರ್ತದೆ ತಂಗೀ? ಎಮ್ಮೆ ತಿಂದ್ರೆ ಹಾಲೂ ಅದೇ ವಾಸನೆ. ಕೊಯ್ವಾಗ್ಲೇ ಆರ್ಸಿ ಬಿಸಾಡೂದು."

"ಎಲ್ಲಿ?"

ಬಂಗಾರಿ ಗದ್ದ ಎತ್ತಿ ಪಡುವಣ ಮೂಲೆಯ ತಗ್ಗು ತೋರಿಸಿದಳು. "ಅಲ್ಲೇ. ನಮ್ಮತ್ತೆ ಕಾಲದಿಂದ್ಲೂ ಅಲ್ಲೇ."

ಕಲ್ಪನಾ ಎದ್ದು ನಿಂತಳು. ಆಗಸ್ಟಿನಲ್ಲಿ ಬೇಣದಲ್ಲಿ ಅಲ್ಲೊಂದು ಇಲ್ಲೊಂದು ಇದ್ದ ಗಿಡ ಆ ತಗ್ಗಿನಲ್ಲಿ ಮಾತ್ರ ಒತ್ತೊತ್ತಾಗಿ ಬೆಳೆದಿತ್ತು. ಯಾಕೆಂದು ಅವಳು ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಬರೆದಿದ್ದಳು: ಇಳಿಜಾರು, ನಿಂತ ನೀರು, ಕಡಲ ಗಾಳಿ. ಸರ್ ಆ ನಾಲ್ಕು ಪುಟಗಳನ್ನು ಹೊಗಳಿಯೂ ಇದ್ದರು.

ತಗ್ಗಿನಲ್ಲಿ ಒಣಕಡ್ಡಿಗಳ ರಾಶಿ ಬೂದುಬಣ್ಣಕ್ಕೆ ತಿರುಗಿತ್ತು. ಒಂದು ಕಡ್ಡಿಯ ತುದಿಯನ್ನು ಅಂಗೈಯಲ್ಲಿ ಉಜ್ಜಿದಳು. ಜೀರಿಗೆ. ಉದುರಿದ ಕಾಯಿಗಳನ್ನು ಭೂತಗನ್ನಡಿಯಡಿ ಹೊರಳಿಸಿದಳು. ಒಂದರ ಮೇಲೂ ರೋಮವಿಲ್ಲ. ಮತ್ತೆ ಹತ್ತು ನೋಡಿದಳು. ನುಣುಪು. ನೋಟ್‌ಬುಕ್ ತೆಗೆದು, ಪೆನ್ಸಿಲಿನಲ್ಲಿ ಬರೆದಿದ್ದ ಎರಡು ಹೆಸರುಗಳಲ್ಲಿ ಒಂದನ್ನು ಅಳಿಸಿದಳು.

"ಊರಲ್ಲಿ ಇದಕ್ಕೆ ಎಂತ ಅಂತಾರೆ ಅಜ್ಜೀ?"

"ಬಿಸಾಡೂದಕ್ಕೆ ಯಾರು ಹೆಸರಿಡ್ತಾರೆ? ಬೇಕಾರೆ ಪೂರಾ ತಕಂಡು ಹೋಗು, ಪೀಡೆ ಕಳೀತು."

ಕಲ್ಪನಾ ಬೆಂಕಿಪೊಟ್ಟಣದಲ್ಲಿ ಹಿಡಿಸಿದಷ್ಟನ್ನೇ ತುಂಬಿಕೊಂಡಳು. ಬೇರು ಸತ್ತಾಗಿತ್ತು, ಮುಂದಿನ ಮಳೆಗೆ ಏಳಬೇಕಾದದ್ದು ಇಲ್ಲಿ ಉದುರುವ ಈ ಕಾಯಿಗಳಿಂದಲೇ. ಆಮೇಲೆ ಆ ನಾಲ್ಕು ಪುಟಗಳ ಮೇಲೆ ಅಡ್ಡಗೆರೆ ಎಳೆದು ಬರೆದಳು: ಹುಲ್ಲು ಕೊಯ್ಯುವ ಹೆಂಗಸರು ಎಸೆಯುವಲ್ಲಿ ಬೆಳೆಯುತ್ತದೆ. ಮಾಹಿತಿ: ಬಂಗಾರಿ, ಕಾಗಾಲ.

"ಆತಾ ನಿಂದು?"

"ಆತು."

"ಹಾಂಗಾರೆ ಬಾ. ಕೆದರಿದ್ದು ಒಟ್ಟು."

ಬಿಸಿಲು ಇಳಿಯುವವರೆಗೂ ಇಬ್ಬರೂ ಗೊಣಬೆ ಒಟ್ಟಿದರು. ಕಲ್ಪನಾಳ ಬೆರಳಿನಿಂದ ಜೀರಿಗೆಯ ವಾಸನೆ ಹೋಗಲೇ ಇಲ್ಲ. "ಆ ಕೈಲಿ ನನ್ನ ಹುಲ್ಲು ಮುಟ್ಟಬೇಡ," ಎಂದು ಬಂಗಾರಿ ಎರಡು ಸಲ ಬೈದಳು.