ಗುಂಡು ತುಂಬಿದ್ದೇನಾದ್ರೂ ಇದೆಯಾ?

ಒಂದೇ ಮಾತನ್ನು ಬೆಳಗಿನಿಂದ ಹೇಳಿ ಹೇಳಿ ನಾರ್ಬರ್ಟ್ ಸೆಡ್ಲಾಚೆಕ್‌ನ ನಾಲಿಗೆ ಸವೆದುಹೋಗಿತ್ತು. "ಗುಂಡು ತುಂಬಿದ್ದೇನಾದ್ರೂ ಇದೆಯಾ?"

ಬಂದೂಕಿನ ಮೇಳಕ್ಕೆ ಬಂದವರೆಲ್ಲ ಅವನ ಮೇಜು ದಾಟಿಯೇ ಒಳಗೆ ಹೋಗಬೇಕು. ಮಾರುವುದಕ್ಕೋ ಬದಲಾಯಿಸಿಕೊಳ್ಳುವುದಕ್ಕೋ ತಂದ ಬಂದೂಕನ್ನು ಅವನ ಕೈಗೆ ಕೊಡಬೇಕು. ಅವನು ಅದನ್ನು ತೆರೆದು, ಕಿರುಬೆರಳು ಹಾಕಿ ಒಳಗೆಲ್ಲ ತಡವಿ, ಖಾಲಿ ಅಂತ ಖಾತ್ರಿ ಮಾಡಿಕೊಂಡು, ಹಳದಿ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಬಿಗಿದು ವಾಪಸ್ ಕೊಡುತ್ತಾನೆ. ಆದರೆ ಕೋಟಿನೊಳಗೆ ಯಾರು ಏನಿಟ್ಟುಕೊಂಡಿದ್ದಾರೆ ಅಂತ ತಡಕಿ ನೋಡುವ ಪದ್ಧತಿಯಿಲ್ಲ. ಇವನು ಕೇಳಬೇಕು, ಅವರು "ಇಲ್ಲ" ಅನ್ನಬೇಕು, ಇವನು ನಂಬಬೇಕು. ಮಿಸ್ಸೂರಿ ನದಿಯ ಈ ದಡದಲ್ಲಿ ಒಬ್ಬನ ಮಾತನ್ನು ನಂಬಲಿಲ್ಲ ಅಂದರೆ ಅವನ ಅಪ್ಪನನ್ನೂ ಸೇರಿಸಿ ಬೈದ ಹಾಗೆ.

ಪಕ್ಕದಲ್ಲಿ ಟಿಕೆಟ್ ಹರಿಯುತ್ತಾ ಕೂತಿದ್ದ ಇರ್ಮಾ ಕೌಟ್ಸ್‌ಕಿಗೆ ಬಾಯಿ ಸುಮ್ಮನಿರುತ್ತಿರಲಿಲ್ಲ. "ನಿನ್ನ ಪ್ರಶ್ನೆ ಕೇಳಿ ಕೇಳಿ ನಂಗೇ ಅನುಮಾನ ಬಂದ್ಬಿಟ್ಟಿದೆ ಕಣೋ. ನನ್ನ ಕೈಚೀಲದಲ್ಲಿ ಏನಾದ್ರೂ ಇದೆಯೋ ಏನೋ ಅಂತ."

"ನಿಂಗ್ಯಾಕೆ ಪಿಸ್ತೂಲು, ಇರ್ಮಾ? ನಿನ್ನ ನಾಲಿಗೇಲಿ ಯಾವಾಗ್ಲೂ ಗುಂಡು ತುಂಬೇ ಇರುತ್ತಲ್ಲ."

ನಕ್ಕನೇನೋ ಹೌದು, ಆದರೆ ಕಣ್ಣು ಸಭಾಂಗಣದ ನಡುಸಾಲಿನ ಕಡೆಗೇ ಹೋಯಿತು. ಕಾರಣ ಅವನೊಬ್ಬನಿಗೇ ಗೊತ್ತಿತ್ತು. ಆ ದಿನ ಬೆಳಿಗ್ಗೆ, ಬಾಗಿಲು ತೆರೆಯುವ ಮುಂಚೆಯೇ, ತುಂಬಿದ ರಿವಾಲ್ವರ್ ಒಂದನ್ನು ಅವನೇ ಒಳಗೆ ಬಿಟ್ಟಿದ್ದ.

ಅದು ಮಾರ್ಲಿಸ್‌ಳದ್ದು. ಮಾರ್ಲಿಸ್ ಅವನ ತೀರಿಹೋದ ತಮ್ಮನ ಮಗಳು. ಪಿಸ್ತೂಲಿಗೆ ಚರ್ಮದ ಒರೆ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಆ ಸೀಮೆಯಲ್ಲಿ ಇರಲಿಲ್ಲ. ಮೇಳದ ನಡುಸಾಲಿನಲ್ಲಿ ಪ್ರತಿ ವರ್ಷ ಅವಳದೊಂದು ಅಂಗಡಿ. ಗಂಡ ಲೋವೆಲ್‌ನನ್ನು ಬಿಟ್ಟು ವರ್ಷ ಕಳೆದಿತ್ತು. ಅವನು ಅವಳನ್ನು ಬಿಟ್ಟಿರಲಿಲ್ಲ. ರಾತ್ರಿ ಬಂದು ಮನೆ ಮುಂದೆ ಟ್ರಕ್ ನಿಲ್ಲಿಸಿಕೊಂಡು ಕೂರುವನು. ಒಮ್ಮೆ ಬಾಗಿಲು ಒದ್ದು ಒಳಗೂ ಬಂದಿದ್ದ. ಹತ್ತಿರ ಸುಳಿಯಬಾರದು ಅಂತ ಕೋರ್ಟಿನಿಂದ ಒಂದು ಆದೇಶವಿತ್ತು. ಅದರ ಅವಧಿ ಮುಗಿದು, ಹೊಸದಕ್ಕೆ ಅವಳು ಅಲೆಯುತ್ತಿದ್ದಳು.

ಒರೆಗಳ ಡಬ್ಬ ಹೊತ್ತುಕೊಂಡು ಬಂದವಳನ್ನು ನಾರ್ಬರ್ಟ್ ಅಭ್ಯಾಸಬಲದಿಂದ ಕೇಳಿದ್ದ. ಅವಳು ಸುಳ್ಳು ಹೇಳಲಿಲ್ಲ.

"ಇದೆ ದೊಡ್ಡಪ್ಪ. ಸೊಂಟದಲ್ಲಿದೆ. ತುಂಬಿದೆ."

"ಅಯ್ಯೋ ಹುಡುಗಿ, ನಿಯಮ ಗೊತ್ತಲ್ಲ ನಿಂಗೆ?"

"ಗೊತ್ತು. ಲೋವೆಲ್‌ಗೂ ಗೊತ್ತು. ಈ ಊರಲ್ಲಿ ನನ್ನ ಹತ್ರ ಏನೂ ಇರಲ್ಲ ಅಂತ ಅವನಿಗೆ ಗ್ಯಾರಂಟಿ ಇರೋ ಜಾಗ ಅಂದ್ರೆ ಇದೊಂದೇ. 'ಗುಂಡು ತುಂಬಿದ್ದು ಒಳಗೆ ತರಬಾರದು' ಅಂತ ನಿಮ್ಮ ಬೋರ್ಡೇ ಬಾಗಿಲಲ್ಲಿ ನಿಂತು ಕೂಗಿ ಹೇಳ್ತಿದೆಯಲ್ಲ!"

"ಅವನನ್ನ ನಾನು ಒಳಗೆ ಬಿಡ್ತೀನಾ? ನಾನಿಲ್ವಾ ಇಲ್ಲಿ?"

"ನೀನಿದೀಯ, ಈ ಬಾಗಿಲಲ್ಲಿ." ಅವಳು ಡಬ್ಬವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು. "ಬೇಡ ಅಂದ್ರೆ ಹೇಳಿಬಿಡು. ವಾಪಸ್ ಮನೆಗೆ ಹೋಗ್ತೀನಿ. ಜಗಳ ಏನಿಲ್ಲ."

ವರ್ಷದ ವ್ಯಾಪಾರದಲ್ಲಿ ಅರ್ಧ ಇಲ್ಲೇ ಆಗುವುದು ಅವಳಿಗೆ. ನಾರ್ಬರ್ಟ್ ಸುತ್ತಮುತ್ತ ನೋಡಿದ. ಯಾರೂ ಇರಲಿಲ್ಲ. "ಹೋಗು. ಕೋಟಿನ ಗುಂಡಿ ಹಾಕ್ಕೋ," ಅಂದ. ಅಂದವನಿಗೆ ಆಗಿನಿಂದ ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಕೂತ ಹಾಗಾಗಿತ್ತು.

ಯಾಕೆಂದರೆ ಈ ನಿಯಮದ ಪರವಾಗಿ ಕೈ ಎತ್ತಿದವರಲ್ಲಿ ಅವನೂ ಒಬ್ಬ. ಹಿಂದಿನ ತಿಂಗಳು ಮೇಳ ನಡೆಸುವ ಕ್ಲಬ್ಬಿನ ಸಭೆಯಲ್ಲಿ ಇದೇ ವಿಷಯಕ್ಕೆ ಕುರ್ಚಿ ಮುರಿಯುವುದೊಂದು ಬಾಕಿ ಇತ್ತು. "ಬಂದೂಕಿನ ಮೇಳಕ್ಕೆ ಬಂದೂಕು ತರಬೇಡಿ ಅಂದ್ರೆ, ಚರ್ಚಿಗೆ ಬೈಬಲ್ ತರಬೇಡಿ ಅಂದ ಹಾಗಾಯ್ತು" ಅಂತ ಒಂದು ಕಡೆಯವರು. ಅಧ್ಯಕ್ಷ ಗೇಲನ್ ವೋಸ್ ಮೇಜು ಗುದ್ದಿ ಹೇಳಿದ್ದ: "ದಿನವಿಡೀ ಎಲ್ಲರೂ ಎತ್ತೋದು, ಗುರಿ ಹಿಡಿಯೋದು, ಬಂದೂಕಿನ ಕುದುರೆ ಎಳೆದು ನೋಡೋದು. ಆ ಗುಂಪಲ್ಲಿ ತುಂಬಿದ್ದು ಒಂದೇ ಒಂದಿದ್ರೆ ಸಾಕು, ಹೆಣ ಎತ್ತಬೇಕಾಗುತ್ತೆ. ಕೋಟಿನೊಳಗಿಂದಾದ್ರೂ ಅಷ್ಟೇ, ಹೊರಗಿಂದಾದ್ರೂ ಅಷ್ಟೇ." ಬೋರ್ಡನ್ನು ಅವನೇ ಕೈಯಾರೆ ಬರೆದು ತೂಗುಹಾಕಿದ್ದ. ಈಗ ನೋಡಿದರೆ ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಮಧ್ಯಾಹ್ನದ ಹೊತ್ತಿಗೆ ಸಭಾಂಗಣ ಕಿಕ್ಕಿರಿಯಿತು. ಬೇಸಿಗೆಯಲ್ಲಿ ದನಗಳ ಪ್ರದರ್ಶನ ನಡೆಯುವ ಜಾಗ ಅದು. ಎಷ್ಟು ತೊಳೆದರೂ ಹುಲ್ಲು, ಸಗಣಿಯ ವಾಸನೆ ಹೋಗಿರಲಿಲ್ಲ, ಅದರ ಮೇಲೆ ಬಂದೂಕಿನ ಎಣ್ಣೆಯ ವಾಸನೆ. ಲೂಥರನ್ ಚರ್ಚಿನ ಹೆಂಗಸರು ಒಂದು ಮೂಲೆಯಲ್ಲಿ ಹುರುಳಿಕಾಯಿಬೀಜ, ಮಾಂಸದ ಖಾರದ ಸಾರನ್ನು ದಾಲ್ಚಿನ್ನಿಯ ಸಿಹಿ ಬನ್ನಿನ ಜೊತೆ ಬಡಿಸುತ್ತಿದ್ದರು. ಇರ್ಮಾ ಇಬ್ಬರಿಗೂ ತರುತ್ತೇನೆಂದು ಎದ್ದುಹೋದಳು. ಬನ್ನು ತಂದಳು, ಸಾರು ಮರೆತು ಬಂದಳು.

"ನಾರ್ಬರ್ಟ್, ಲೋವೆಲ್‌ನ ನೀನು ಒಳಗೆ ಬಿಟ್ಯಾ?"

"ಯಾವ ಲೋವೆಲ್?"

"ಎಷ್ಟು ಜನ ಲೋವೆಲ್ ಇದಾರೋ ನಿಂಗೆ? ಅಲ್ಲಿದಾನೆ, ಚಾಕು ಮಾರೋವ್ನ ಹತ್ರ. ಪಕ್ಕದ ಬಾಗಿಲಿಂದ ಬಂದಿರ್ಬೇಕು. ಸಿಗರೇಟು ಸೇದೋರು ಅದಕ್ಕೆ ಬಕೆಟ್ ಅಡ್ಡ ಇಟ್ಟು ತೆರೆದೇ ಬಿಟ್ಟಿದಾರೆ."

ನಾರ್ಬರ್ಟ್ ಕೈಯಲ್ಲಿದ್ದ ಯಾರದೋ ಕೋವಿಯನ್ನು ಯಾರದೋ ಕೈಗೆ ಕೊಟ್ಟು ಎದ್ದ. "ಹೊರಗೆ ಗಾಡಿ ನಿಲ್ಲಿಸೋ ಕಡೆ ಪೊಲೀಸಿನೋನು ಇದಾನೆ, ಕರಿ. ಓಡು," ಅಂದ.

"ನಾನು ಓಡೋದಾ? ಈ ಮಂಡೀಲಾ?" ಅಂದಳು ಇರ್ಮಾ. ಆದರೂ ಓಡಿದಳು.

ಗುಂಪಿನೊಳಗೆ ನುಗ್ಗುವುದು ಹೊಳೆಯಲ್ಲಿ ಎದುರು ಈಜಿದ ಹಾಗಿತ್ತು. "ಏನ್ ನಾರ್ಬರ್ಟ್, ಬಾಗಿಲು ಬಿಟ್ಟು ಬಂದ್ಯಲ್ಲ?" ಅಂತ ಒಬ್ಬ. "ಈ ಬೆಲೆಗೆ ಇದು ದುಬಾರಿ ಅಲ್ವಾ, ನೀನೇ ಹೇಳು" ಅಂತ ಇನ್ನೊಬ್ಬ ತೋಳು ಹಿಡಿದ. ನಾರ್ಬರ್ಟ್ ಕೊಸರಿಕೊಂಡು ಮುಂದೆ ಹೋದ. ತಮಾಷೆಯೇನೆಂದರೆ, ಲೋವೆಲ್ ಏನು ಮಾಡಿಯಾನು ಅನ್ನುವುದು ಅವನನ್ನು ಅಷ್ಟು ಕಾಡಲಿಲ್ಲ. ಮಾರ್ಲಿಸ್ ಏನು ಮಾಡಿಯಾಳು ಅನ್ನುವುದೇ ಕಾಲಿಗೆ ತೊಡರಿಕೊಳ್ಳುತ್ತಿತ್ತು. ಗುಂಪಿನ ನಡುವೆ ಅವಳು ಹೊಡೆದಳು ಅಂದರೆ, ಗುರಿ ತಪ್ಪಿತು ಅಂದರೆ, ತಪ್ಪದಿದ್ದರೂ ಸರಿಯೇ, ಆ ಗುಂಡನ್ನು ಒಳಗೆ ಬಿಟ್ಟವನು ಯಾರು?

ಅವನು ನಡುಸಾಲು ಮುಟ್ಟುವಷ್ಟರಲ್ಲಿ ಲೋವೆಲ್ ಅವಳ ಮೇಜಿನ ಮುಂದೆ ನಿಂತಿದ್ದ. ಒಳ್ಳೆ ಕೋಟು ಹಾಕಿದ್ದ, ಗಡ್ಡ ಹೆರೆದಿದ್ದ, ಮದುವೆ ಮನೆಗೆ ಹೊರಟವನ ಹಾಗೆ. ದನಿಯೂ ಮೆತ್ತಗಿತ್ತು.

"ಬರೀ ಮಾತಾಡೋಕೆ ಬಂದೆ ಮಾರ್ಲಿ. ಮಾತಾಡೋದೂ ತಪ್ಪಾ?"

"ಹಿಂದಕ್ಕೆ ಹೋಗು."

"ಎಲ್ಲರ ಮುಂದೆ ಹೀಗೆ ಮರ್ಯಾದೆ ತೆಗೀತೀಯಾ? ಹೊರಗೆ ಬಾ. ಐದು ನಿಮಿಷ."

"ಹಿಂದಕ್ಕೆ ಹೋಗು ಅಂದೆ!"

ಎರಡನೆಯ ಸಲ ಅದು ಕೂಗಾಗಿತ್ತು. ಲೋವೆಲ್ ಮೇಜು ಸುತ್ತಿ ಒಂದು ಹೆಜ್ಜೆ ಒಳಗಿಟ್ಟ. ಮಾರ್ಲಿಸ್‌ಳ ಬಲಗೈ ಕೋಟಿನೊಳಗೆ ಹೋಯಿತು.

ಸುತ್ತಲಿನ ಮಾತು ಕತ್ತರಿಸಿದ ಹಾಗೆ ನಿಂತಿತು. ನಾರ್ಬರ್ಟ್ ಸುಮ್ಮನೆ ಒಮ್ಮೆ ಎಡಕ್ಕೂ ಬಲಕ್ಕೂ ಕಣ್ಣು ಹಾಯಿಸಿದ. ಎದುರು ಅಂಗಡಿಯ ಮುದುಕನ ಕೈ ಕೋಟಿನೊಳಗೆ ಹೋಗಿತ್ತು. ಅವನ ಹಿಂದೆ ಕೆಂಪು ಟೋಪಿಯ ರೈತನ ಕೈ ಬೆನ್ನ ಹಿಂದಿನ ಬೆಲ್ಟಿಗೆ. ಮಗುವನ್ನು ಎತ್ತಿಕೊಂಡಿದ್ದ ತಾಯಿಯೊಬ್ಬಳು ಮಗುವನ್ನು ಎಡಗೈಗೆ ದಾಟಿಸಿ ಬಲಗೈಯನ್ನು ಚೀಲದೊಳಗೆ ತೂರಿಸಿದ್ದಳು. ಸಾಲಿನ ಕೊನೆಯಲ್ಲಿ, ಬಾಯಲ್ಲಿ ಅರ್ಧ ಬನ್ನು ಕಚ್ಚಿಕೊಂಡೇ, ಅಧ್ಯಕ್ಷ ಗೇಲನ್ ವೋಸ್ ಕಂಕುಳಿನಡಿ ಕೈ ಹಾಕಿ ನಿಂತಿದ್ದ! ಇವರೆಲ್ಲರನ್ನೂ ನಾರ್ಬರ್ಟ್ ಬೆಳಿಗ್ಗೆ ಕೇಳಿದ್ದ. ಎಲ್ಲರೂ ಅವನ ಕಣ್ಣಲ್ಲಿ ಕಣ್ಣಿಟ್ಟು "ಇಲ್ಲ" ಅಂದಿದ್ದರು.

ಇವರಲ್ಲಿ ಹೆಚ್ಚಿನವರಿಗೆ ಲೋವೆಲ್ ಯಾರು, ಮಾರ್ಲಿಸ್ ಯಾರು, ತಪ್ಪು ಯಾರದು ಗೊತ್ತಿಲ್ಲ. ಕಾಣುವುದು ಇಷ್ಟೇ: ಯಾರೋ ಕೂಗಿದರು, ಯಾರೋ ಪಿಸ್ತೂಲಿಗೆ ಕೈ ಹಾಕಿದರು. ಒಬ್ಬರನ್ನು ನೋಡಿ ಇನ್ನೊಬ್ಬರು. ಮೊದಲನೆಯದು ಹೊರಬಂದರೆ ಮಿಕ್ಕವೆಲ್ಲ ಹೊರಬರುತ್ತವೆ, ಆಮೇಲೆ ಯಾರು ಯಾರಿಗೆ ಹೊಡೆದರು ಅಂತ ಹೇಳುವುದಕ್ಕೂ ಯಾರೂ ಉಳಿಯುವುದಿಲ್ಲ.

ಆಗ ನಾರ್ಬರ್ಟ್‌ನ ಬಾಯಿಂದ ಬಂದದ್ದು ಅವನು ಯೋಚಿಸಿ ಆಡಿದ್ದಲ್ಲ. ಊರ ಹೊರಗಿನ ಗುರಿ ಮೈದಾನದಲ್ಲಿ ಅವನು ಅರ್ಧ ಆಯುಸ್ಸು ಮೇಲ್ವಿಚಾರಕನಾಗಿದ್ದವನು. ಅಲ್ಲಿ ಗುರಿಹಲಗೆಯ ಕಡೆ ಜಿಂಕೆ ಅಡ್ಡ ಬಂದರೂ ಸರಿ, ಯಾರಾದರೂ ಎಡವಿದರೂ ಸರಿ, ಆ ಒಂದು ಕೂಗು ಬಿದ್ದರೆ ಎಂಥವನೂ ಕೋವಿಯಿಂದ ಕೈ ಬಿಟ್ಟು, ಗುಂಡು ಹಾರಿಸುವ ಗೆರೆಯಿಂದ ಹಿಂದೆ ಸರಿಯಬೇಕು. ಪ್ರಶ್ನೆ ಇಲ್ಲ. ಈ ಊರಿನಲ್ಲಿ ಕೋವಿ ಹಿಡಿಯಲು ಕಲಿತವರಿಗೆಲ್ಲ ಎಂಟು ಹತ್ತು ವರ್ಷದ ವಯಸ್ಸಿನಲ್ಲೇ ಆ ಕೂಗು ಮೂಳೆಗೆ ಇಳಿದಿರುತ್ತದೆ. ಬಹಳಷ್ಟು ಜನಕ್ಕೆ ಇಳಿಸಿದವನು ನಾರ್ಬರ್ಟೇ.

"ಗುಂಡು ನಿಲ್ಸಿ!" ತಗಡಿನ ಸೂರು ಅದುರಿತು. "ಎಲ್ಲರೂ ಗುಂಡು ನಿಲ್ಸಿ! ಕೈ ಬಿಡಿ! ಗೆರೆ ಬಿಟ್ಟು ಹಿಂದೆ ಸರೀರಿ!"

ಅಲ್ಲಿ ಗುಂಡು ಹಾರಿಸಿದವರು ಯಾರೂ ಇರಲಿಲ್ಲ, ಸರಿಯಲು ಗೆರೆಯೂ ಇರಲಿಲ್ಲ. ಆದರೂ ಕೈಗಳು ಹೊರಬಂದವು, ಖಾಲಿಯಾಗಿ, ಎದೆಯ ಮಟ್ಟಕ್ಕೆ. ಮುದುಕ ಒಂದು ಹೆಜ್ಜೆ ಹಿಂದೆ ಹೋದ. ಕೆಂಪು ಟೋಪಿಯವನು ಹಿಂದೆ ಹೋಗಿ ಸಾರಿನ ಬಟ್ಟಲು ಹಿಡಿದವನಿಗೆ ಡಿಕ್ಕಿ ಹೊಡೆದ. ಗೇಲನ್‌ನ ಬಾಯಿಂದ ಬನ್ನು ಬಿತ್ತು. ಮಾರ್ಲಿಸ್‌ಳ ಕೈಯೂ ಖಾಲಿ ಹೊರಬಂತು. ಅವಳಿಗೇ ಆಶ್ಚರ್ಯವಾದ ಹಾಗೆ ಆ ಕೈಯನ್ನು ನೋಡಿಕೊಂಡಳು.

ಲೋವೆಲ್ ಕೂಡ ಕೈ ಮೇಲೆತ್ತಿ ಹಿಂದೆ ಸರಿದ. ಅವನೂ ಆ ಮೈದಾನದಲ್ಲೇ ಕಲಿತವನು. ಸರಿಯುವಾಗ ಕೋಟಿನ ಅಂಚು ಜಾರಿ ಬೆಲ್ಟಿನಲ್ಲಿ ಕಪ್ಪು ಪಿಸ್ತೂಲಿನ ಹಿಡಿ ಕಂಡಿತು.

ನಾರ್ಬರ್ಟ್ ಇಬ್ಬರ ನಡುವೆ ಹೋಗಿ ನಿಂತ. ಪೊಲೀಸಿನವನು ಬರುವ ತನಕ ಹಾಗೇ ನಿಂತಿದ್ದ. ಬಂದವನು ಚಿಕ್ಕ ಪ್ರಾಯದವನು, ಬೆಪ್ಪಾಗಿದ್ದ. ಲೋವೆಲ್‌ನನ್ನು ಹೊರಗೆ ಕರೆದುಕೊಂಡು ಹೋಗಿ ಸ್ವಲ್ಪ ಹೊತ್ತಿನ ಮೇಲೆ ವಾಪಸ್ ಬಂದು ತಲೆ ಕೆರೆದುಕೊಂಡ. "ಅವನು ಪಿಸ್ತೂಲು ಹೊರಗೆ ತೆಗೀಲಿಲ್ಲ, ಬೆದರಿಸಲಿಲ್ಲ. ನೀವು ಹೋಗು ಅಂದ್ರಿ, ಹೋದ. ಕೋರ್ಟಿನ ಆದೇಶ ಬಂದ್ಮೇಲೆ ಹೇಳಿ. ಈಗ ನಾನೇನು ಕೇಸು ಹಾಕ್ಲಿ ಅವನ ಮೇಲೆ?"

ಗೇಲನ್ ಮೈಕು ಹಿಡಿದು, ಎಲ್ಲರೂ ಹೊರಗೆ ಹೋಗಿ ಮತ್ತೆ ಒಂದೇ ಬಾಗಿಲಿನಿಂದ ಬರಬೇಕು, ಪಕ್ಕದ ಬಾಗಿಲಿಗೆ ಬೀಗ ಅಂತ ಸಾರಿದ. ಆಮೇಲೆ ತಾನೇ ಮೊದಲು ನಾರ್ಬರ್ಟ್‌ನ ಮೇಜಿಗೆ ಬಂದು ಕಂಕುಳಿನಿಂದ ಪಿಸ್ತೂಲು ತೆಗೆದಿಟ್ಟ. ಕಿವಿ ಕೆಂಪಗಾಗಿತ್ತು.

"ಬೋರ್ಡು ಬರೆದೋನು ನೀನೇ ಅಲ್ವೇನೋ?" ಅಂದಳು ಇರ್ಮಾ, ಏದುಸಿರಿನ ನಡುವೆಯೂ.

"ಬೇರೆಯವರಿಗೆ ಬರೆದಿದ್ದು," ಅಂದ ಗೇಲನ್. "ನಾನು ಹುಷಾರಾಗಿರ್ತೀನಿ ಅಂತ ನಂಗೆ ಗೊತ್ತಲ್ಲ."

"ಎಲ್ಲರಿಗೂ ಅದೇ ಗೊತ್ತು ಕಣೋ."

ಸಾಲು ಮುಂದುವರಿಯಿತು. ಕೆಲವರು ತಲೆ ತಗ್ಗಿಸಿ ತೆಗೆದಿಟ್ಟರು, ಕೆಲವರು ಟ್ರಕ್ಕಿನಲ್ಲಿ ಬಿಟ್ಟು ಬರುತ್ತೇವೆ ಅಂತ ಹೋದವರು ಬರಲೇ ಇಲ್ಲ. ಮಾರ್ಲಿಸ್‌ಳ ಸರದಿ ಬಂತು. ಅವಳು ರಿವಾಲ್ವರ್ ಅನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಕೈಯಿಟ್ಟುಕೊಂಡೇ ನಿಂತಳು.

"ಅವನದ್ದು ಅವನ ಹತ್ರಾನೇ ಇದೆ ದೊಡ್ಡಪ್ಪ. ವಾಪಸ್ ಕೊಟ್ಟು ಕಳಿಸಿದಾರೆ. ನನ್ನದು ಮಾತ್ರ ಬಿಚ್ಚಿಡ್ಬೇಕಾ?"

ಹಿಂದೆ ನಿಂತವರೆಲ್ಲ ನಾರ್ಬರ್ಟ್‌ನ ಮುಖವನ್ನೇ ನೋಡುತ್ತಿದ್ದರು. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇಟ್ಟುಕೋ ಅಂದರೆ ಒಳಗೆ ಇನ್ನೊಮ್ಮೆ ಅಷ್ಟೂ ಕೈಗಳು ಪಿಸ್ತೂಲಿಗೆ ಹೋಗುತ್ತವೆ. ಬಿಚ್ಚಿಡು ಅಂದರೆ ಅವಳು ಬರಿಗೈಯಲ್ಲಿ, ಬೆನ್ನು ಬಾಗಿಲಿಗೆ.

"ಬಿಚ್ಚಿಡ್ಬೇಕು," ಅಂದ. ಕಷ್ಟಪಟ್ಟು ಅಂದ. "ಬೆಳಿಗ್ಗೆ ನಾನು ಬಿಟ್ಟಿದ್ದು ತಪ್ಪು. ನಿಂದಲ್ಲ, ನಂದು."

"ಆಮೇಲೆ?"

ನಾರ್ಬರ್ಟ್ ಅವಳ ಕೈಯನ್ನು ಮೆಲ್ಲಗೆ ಸರಿಸಿದ. ರಿವಾಲ್ವರ್ ತೆರೆದು ಗುಂಡುಗಳನ್ನು ಅಂಗೈಗೆ ಸುರಿದುಕೊಂಡ, ಹಳದಿ ಪಟ್ಟಿ ಬಿಗಿದ. ಆಮೇಲೆ ಎದ್ದು, ತನ್ನ ಮಡಿಸುವ ಕುರ್ಚಿಯನ್ನು ಮಡಿಸಿ ಕಂಕುಳಿಗೆ ಸಿಕ್ಕಿಸಿಕೊಂಡ.

"ಎಲ್ಲಿಗೋ?" ಅಂದಳು ಇರ್ಮಾ. "ಬಾಗಿಲಿಗೆ ಯಾರು?"

"ಗೇಲನ್ ಕೂರ್ಲಿ. ಇನ್ಮೇಲೆ ಅವನು ಚೆನ್ನಾಗಿ ಕೇಳ್ತಾನೆ."

ಮಾರ್ಲಿಸ್‌ಳ ಅಂಗಡಿಯಲ್ಲಿ, ಅವಳಿಗೂ ಬಾಗಿಲಿಗೂ ನಡುವೆ, ಕುರ್ಚಿ ಹಾಕಿಕೊಂಡು ಕೂತ. ಸೊಂಟದಲ್ಲಿ ಏನೂ ಇರಲಿಲ್ಲ, ಇದ್ದದ್ದು ಮೊಣಕಾಲು ನೋವು ಮಾತ್ರ. ಒಳಬರುವ ಪ್ರತಿಯೊಂದು ಮುಖವನ್ನೂ ನೋಡಿದ. ಮಾರ್ಲಿಸ್ ಒರೆಯೊಂದನ್ನು ಎತ್ತಿಕೊಂಡು ಹೊಲಿಯತೊಡಗಿದಳು. ಸೂಜಿ ಎರಡು ಸಲ ಬೆರಳಿಗೆ ಚುಚ್ಚಿಕೊಂಡಿತು.

"ಹಿಂಗೆ ಗುರಾಯಿಸ್ತಾ ಕೂತ್ರೆ ಗಿರಾಕಿ ಬರಲ್ಲ ದೊಡ್ಡಪ್ಪ," ಅಂದಳು ಕೊನೆಗೆ. "ಸ್ವಲ್ಪ ನಗು."

"ನಕ್ಕರೆ ಇನ್ನೂ ಹೆದರ್ತಾರೆ."

ಅವಳು ನಕ್ಕಳೋ ಉಸಿರುಬಿಟ್ಟಳೋ ತಿಳಿಯಲಿಲ್ಲ. "ಸಂಜೆ ಟ್ರಕ್ ತನಕ ಬರ್ತೀಯಾ?"

"ಟ್ರಕ್ ತನಕ. ಮನೆ ತನಕ. ಸೋಫಾ ಮೇಲೆ ಮಲಗ್ತೀನಿ, ನಿನ್ನ ನಾಯಿ ಒಪ್ಪಿದ್ರೆ."

"ಆಮೇಲಿನ ದಿನಗಳಿಗೆ?"

ನಾರ್ಬರ್ಟ್ ಅವಳ ಕಡೆ ತಿರುಗಲಿಲ್ಲ. ಬಾಗಿಲಲ್ಲಿ ಒಳ್ಳೆ ಕೋಟು ಹಾಕಿದವನೊಬ್ಬ ಗೇಲನ್‌ನ ಮುಂದೆ ಕೈ ಅಗಲಿಸಿ ನಿಂತಿದ್ದ, ಮುಖ ಇನ್ನೂ ಕಾಣುತ್ತಿರಲಿಲ್ಲ. "ತಡಿ," ಅಂದ ನಾರ್ಬರ್ಟ್, ಕುರ್ಚಿಯ ತುದಿಗೆ ಸರಿದು. ಆ ಮನುಷ್ಯ ಈ ಕಡೆ ತಿರುಗಿದ. ಬೇರೆ ಯಾರೋ.

"ಈಗ ಹೇಳು," ಅಂದ ನಾರ್ಬರ್ಟ್. "ಏನು ಕೇಳ್ದೆ?"

ಅವಳು ದಾರದ ಉಂಡೆಯನ್ನು ಅವನ ಮಡಿಲಿಗಿಟ್ಟು, ತುದಿ ಹಿಡಿದುಕೋ ಅಂದಳು.